ಟ್ಯಾಬ್ ಹತ್ತು ಸಾಕು, ಜೋಡಿ ಪೀರಿಯಡ್ ಬೇಕು

ಸುರಪುರ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ‘ಹಳೆಯ ವಿದ್ಯಾರ್ಥಿಗಳು 20 ಟ್ಯಾಬ್ ಕೊಡಿಸುತ್ತೇವೆ ಅಂದಿದ್ದಾರೆ. ನಾಲ್ಕು, ಐದನೇ ತರಗತಿ ಸೇರಿ 45 ಮಕ್ಕಳು, ಕೋಣೆ ಒಂದೇ, ಇಂಟರ್‌ನೆಟ್ ಇಲ್ಲ. ಹೇಗೆ ಹಂಚಲಿ? ಅದರಲ್ಲಿ ಏನು ಹಾಕಲಿ? ಮನೆಗೆ ಕಳಿಸಬಹುದೇ?’

ಮೇಡಂ, ದಾನಿಗಳಿಗೆ ಹತ್ತೇ ಸಾಕು ಅನ್ನಿ. ಉಳಿದ ದುಡ್ಡಿಗೆ ಗಟ್ಟಿ ರಬ್ಬರ್ ಕವರ್, ವೈರ್ ಇರುವ ಹೆಡ್‌ಫೋನ್, ಹತ್ತು ಪೋರ್ಟಿನ ಚಾರ್ಜರ್, ಒಂದು ಇನ್ವರ್ಟರ್ ಕೇಳಿ. 45 ಮಕ್ಕಳನ್ನು 15ರ ಮೂರು ಗುಂಪು ಮಾಡಿ, ಇಬ್ಬರಿಗೊಂದು ಕೊಟ್ಟರೆ ಒಮ್ಮೆಗೆ ಬೇಕಾಗುವುದು ಎಂಟು. ಇನ್ನೆರಡು ಕೆಟ್ಟಾಗ ಬದಲಿಗೆ.

ಆದರೆ ಇದು 40 ನಿಮಿಷದ ಪೀರಿಯಡ್ಡಿನಲ್ಲಿ ಆಗುವ ಕೆಲಸವಲ್ಲ. ತೆಗೆದು ಕೊಡುವುದು, ಆನ್ ಮಾಡುವುದು, ಎಣಿಸಿ ಒಳಗಿಡುವುದರಲ್ಲೇ ಕಾಲು ಗಂಟೆ ಹೋಗುತ್ತದೆ. ವಾರಕ್ಕೆ ಮೂರು ದಿನ ಎರಡು ಪೀರಿಯಡ್ ಜೋಡಿಸಿಕೊಡಿ ಎಂದು ಮುಖ್ಯ ಗುರುಗಳನ್ನು ಮೊದಲೇ ಒಪ್ಪಿಸಿಕೊಳ್ಳಿ. ಒಂದು ಗುಂಪು ಟ್ಯಾಬಿನ ಮುಂದೆ, ಒಂದು ನಿಮ್ಮ ಮುಂದೆ, ಇನ್ನೊಂದು ಓದು–ಬರಹದಲ್ಲಿ. 20 ನಿಮಿಷಕ್ಕೊಮ್ಮೆ ಜಾಗ ಬದಲು. ವೇಳಾಪಟ್ಟಿ ಬದಲಾಗದಿದ್ದರೆ ಟ್ಯಾಬ್ ಅಲಮಾರಿ ಸೇರುತ್ತದೆ. ಯಂತ್ರ ಕೊಟ್ಟರಷ್ಟೇ ಸಾಲದು: ಪೆರು ದೇಶ ತನ್ನ ಶಾಲೆಗಳಿಗೆ ಲಕ್ಷಗಟ್ಟಲೆ ಲ್ಯಾಪ್‌ಟಾಪ್ ಹಂಚಿತು. ಹಳ್ಳಿ ಶಾಲೆಗಳ ಕುರಿತು 2012ರಲ್ಲಿ ಬಂದ ಅಧ್ಯಯನಕ್ಕೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಸುಧಾರಣೆ ಕಾಣಲಿಲ್ಲ.

ಗುಂಪನ್ನು ತರಗತಿ ನೋಡಿ ಮಾಡಬೇಡಿ, ಮಟ್ಟ ನೋಡಿ ಮಾಡಿ. ಹಳ್ಳಿ ಮಕ್ಕಳ ಓದು–ಲೆಕ್ಕ ಅಳೆಯುವ ಅಸರ್ ಸಮೀಕ್ಷೆಯವರು 2005ರಿಂದ ಬಳಸುವ ಬಗೆ ಸರಳ: ಮಗು ಅಕ್ಷರ ಓದುತ್ತದೆಯೇ, ಪದವೇ, ಸಣ್ಣ ಪ್ಯಾರಾವೇ, ಕಥೆಯೇ? ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ. ಲೆಕ್ಕಕ್ಕೆ ದಶಕ ತೆಗೆದುಕೊಂಡು ಕಳೆಯುವುದನ್ನು ಕೊಡಿ. ಆರು ವಾರಕ್ಕೊಮ್ಮೆ ಮತ್ತೆ ನೋಡಿ ಗುಂಪು ಬದಲಿಸಿ. ಹತ್ತಿ ಬಿಡಿಸುವ ಕಾಲದಲ್ಲಿ ತಪ್ಪಿಸಿಕೊಂಡು, ಇಲ್ಲವೇ ತಂದೆ–ತಾಯಿ ಜೊತೆ ಗುಳೆ ಹೋಗಿ ಬಂದ ಮಗುವಿಗೂ ಆಗ ಕೂರಲು ಜಾಗ ಸಿಗುತ್ತದೆ. ಪಾಠದ ಲೆಕ್ಕದಲ್ಲಿ ನಡೆದರೆ ಅದು ವರ್ಷವಿಡೀ ಹಿಂದೆಯೇ.

ಟ್ಯಾಬ್ ಇದ್ದರೂ ಸ್ಲೇಟು ಬಿಡಿಸಬೇಡಿ. 52ರಿಂದ 27 ಕಳೆ ಎಂದರೆ ಒಬ್ಬ 35 ಅನ್ನುತ್ತಾನೆ: 2ರಿಂದ 7 ಹೋಗದು ಎಂದು ತಿರುವಿ 7ರಿಂದ 2 ಕಳೆದಿದ್ದಾನೆ. ಪಕ್ಕದವಳದೂ 35: ದಶಕ ಸರಿಯಾಗಿಯೇ ತಂದಿದ್ದಾಳೆ, 5ನ್ನು 4 ಮಾಡಲು ಮರೆತಿದ್ದಾಳೆ. ಉತ್ತರ ಒತ್ತುವ ಆ್ಯಪ್‌ಗೆ ಇಬ್ಬರದೂ ಒಂದೇ ತಪ್ಪು. ಕಲಿಸಬೇಕಾದ್ದು ಬೇರೆ ಬೇರೆ. ಲೆಕ್ಕ ಸ್ಲೇಟಿನ ಮೇಲೆ, ಉತ್ತರ ಮಾತ್ರ ಟ್ಯಾಬಿನಲ್ಲಿ ಎಂಬ ನಿಯಮ ಇಟ್ಟುಕೊಳ್ಳಿ. ಇಬ್ಬರಲ್ಲಿ ಒಬ್ಬನೇ ಒತ್ತುತ್ತ ಕೂರುವುದು ಮಾಮೂಲು. ಐದು ಲೆಕ್ಕಕ್ಕೊಮ್ಮೆ ಕೈ ಬದಲಾಗಲಿ.

ಏನು ಹಾಕಬೇಕೆಂಬುದು ಅಷ್ಟು ದೊಡ್ಡ ವಿಷಯವಲ್ಲ. ಸಿಗ್ನಲ್ ಇರುವಲ್ಲಿ ಸರ್ಕಾರದ ದೀಕ್ಷಾ ಆ್ಯಪಿನ ಪಾಠಗಳನ್ನೂ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನ ಕನ್ನಡ ಕಥೆಗಳನ್ನೂ ಇಳಿಸಿಕೊಳ್ಳಿ. ಹತ್ತು ಟ್ಯಾಬಿಗೆ ಸರ್ವರ್, ರೂಟರ್ ಬೇಕಿಲ್ಲ. ಹಳೆಯ ನುಡಿ ಫಾಂಟಿನ ಪ್ರಶ್ನೆಪತ್ರಿಕೆ ಹಾಗೇ ಹಾಕಿದರೆ ಕನ್ನಡದ ಬದಲು ಅರ್ಥವಾಗದ ಚಿಹ್ನೆಗಳು ಬರುತ್ತವೆ, ಎಲ್ಲ ಕಡೆ ಓದಬರುವ ಯೂನಿಕೋಡ್ ಅಕ್ಷರಕ್ಕೆ ಬದಲಿಸಿಕೊಳ್ಳಿ. ಖಾತೆ ಮಾತ್ರ ಶಾಲೆಯ ಹೆಸರಿನ ಜಿಮೇಲ್ ಆಗಿರಲಿ. ಸ್ವಂತ ಖಾತೆ ಹಾಕಿದವರಿಗೆ ವರ್ಗವಾದ ಮೇಲೆ ಯಾರಾದರೂ ರೀಸೆಟ್ ಮಾಡಿದರೆ, ಹಳೆಯ ಪಾಸ್‌ವರ್ಡ್ ಕೊಡುವವರೆಗೆ ಟ್ಯಾಬ್ ತೆರೆಯದು. ಪಾಸ್‌ವರ್ಡನ್ನು ದಾಸ್ತಾನು ವಹಿಯ ಜೊತೆಗೆ ಮುಚ್ಚಿದ ಲಕೋಟೆಯಲ್ಲಿಡಿ.

ಕರೆಂಟಿನ ಚಿಂತೆ ಬೇಡ. 5000 ಎಂಎಎಚ್ ಬ್ಯಾಟರಿಯ ಹತ್ತು ಟ್ಯಾಬ್ ತುಂಬಲು ಸುಮಾರು ಕಾಲು ಯೂನಿಟ್ ಸಾಕು. ಚಿಂತೆ ಇರುವುದು ನಮ್ಮ ಬಿಸಿಲಿನದು. ತಗಡಿನ ಕೋಣೆಯಲ್ಲಿ, ಮುಚ್ಚಿದ ಅಲಮಾರಿಯಲ್ಲಿ ಚಾರ್ಜಿಗೆ ಹಾಕಿದರೆ ಬ್ಯಾಟರಿ ಉಬ್ಬಬಹುದು. ಮುಂಜಾನೆ, ಬಾಗಿಲು ತೆರೆದಿಟ್ಟು, ಯಾರಾದರೂ ಇರುವಾಗಲೇ ಹಾಕಿ.

ಮನೆಗೆ ಈ ವರ್ಷ ಕಳಿಸಬೇಡಿ. ಒಡೆದರೆ ಯಾರು ಕೊಡಬೇಕೆಂದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಠರಾವು ಆಗದೆ ಕಳಿಸಿದರೆ ಹೊರೆ ಬಡವರ ಮನೆಯ ಮೇಲೆ ಬೀಳುತ್ತದೆ. ಬೇಕಾದರೆ ಮಕ್ಕಳು ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಟ್ಯಾಬ್ ಹಿಡಿದು ಅಲ್ಲೇ ಕೂರಲಿ. ಬೇಸಿಗೆ ರಜೆಗೆ ಅರ್ಧ ಚಾರ್ಜ್ ಮಾಡಿ, ಪೂರ್ತಿ ಆಫ್ ಮಾಡಿ, ತಂಪಾದ ಕೋಣೆಯಲ್ಲಿಡಿ. ಮೇ ನಡುವೆ ಒಮ್ಮೆ ತೆಗೆದು ನೋಡಿ. ಪೂರ್ತಿ ಖಾಲಿ ಬಿಟ್ಟ ಬ್ಯಾಟರಿ ಜೂನ್‌ನಲ್ಲಿ ಏಳದೇ ಹೋಗಬಹುದು.

– ಸಂ.