ಭಾನುವಾರದ ಸಾರಿಗೆ ಮಾಂಸದ ಬದಲು ಏನು?

ಪತ್ರ: ನಮ್ಮ ಮನೆಯಲ್ಲಿ ಭಾನುವಾರವೆಂದರೆ ಕುರಿ ಮಾಂಸದ ಸಾರು, ಬಿಸಿ ರೊಟ್ಟಿ. ಶ್ರಾವಣದಲ್ಲಿ ಮಾಂಸ ಬಿಟ್ಟ ಯಜಮಾನರು ಮತ್ತೆ ಮುಟ್ಟಿಲ್ಲ. ಆದರೆ ಭಾನುವಾರ ಊಟಕ್ಕೆ ಕುಳಿತರೆ ಮುಖ ಸಪ್ಪಗಾಗುತ್ತದೆ. ಅದೇ ಮಸಾಲೆಗೆ ಸೋಯಾ ಉಂಡೆ ಹಾಕಿ ನೋಡಿದೆ. ಹಸಿ ವಾಸನೆ, ರಬ್ಬರು ಅಗಿದ ಹಾಗೆ. ಅಣಬೆ ಹಾಕಿದರೆ ನೀರು ಬಿಟ್ಟು ಸಾರು ತೆಳುವಾಯಿತು. ಮಾಂಸದ ರುಚಿ ಬರಲು ಏನು ಮಾಡಬೇಕು? ಎಳೆ ಹಲಸಿನ ಬಿರಿಯಾನಿಯ ಬಗ್ಗೆಯೂ ಬರೆಯಿರಿ.
– ಓದುಗರೊಬ್ಬರು, ಗದಗ

ಸಂಪಾದಕರ ಉತ್ತರ:

ಮಾಂಸದ ರುಚಿ ಬರಿಸುವ ಹಟವನ್ನು ಮೊದಲು ಬಿಡಿ. ಸೋಯಾ ಹಿಟ್ಟಿಗೆ ಕಡ್ಡಿ ಚುಚ್ಚಿ ಕೋಳಿಯ ಕಾಲು ಮಾಡಿ ಬಡಿಸುವ ಹೋಟೆಲುಗಳು ಈಗ ಹುಬ್ಬಳ್ಳಿಯಲ್ಲೂ ಇವೆ. ಅದನ್ನು ತಿಂದವನಿಗೆ ಕೋಳಿಯೂ ಸಿಗುವುದಿಲ್ಲ, ಸೋಯಾವೂ ಸಿಗುವುದಿಲ್ಲ. ನಿಮ್ಮ ಯಜಮಾನರು ಬಯಸುತ್ತಿರುವುದು ಆ ಮಸಾಲೆ ಮತ್ತು ಬಾಯಿ ತುಂಬುವ ಮಂದ ರಸ ಎಂದು ನನ್ನ ಅಂದಾಜು. ಮಸಾಲೆ ನಿಮ್ಮ ಕೈಯಲ್ಲೇ ಇದೆ. ರಸ ಕೆಟ್ಟದ್ದೇಕೆ ಎಂದು ನೋಡೋಣ.

ಮಾಂಸ ಬೇಯುವಾಗ ಅದರ ಕೊಬ್ಬು ಕರಗಿ ಸಾರಿನ ಮೇಲೆ ತೇಲುತ್ತದೆ, ಮೂಳೆಯ ಅಂಟು ನೀರಿಗೆ ಇಳಿದು ಅದನ್ನು ಮಂದಗೊಳಿಸುತ್ತದೆ. ಸೋಯಾ ಉಂಡೆಯಲ್ಲಿ ಈ ಎರಡೂ ಇಲ್ಲ. ಎಣ್ಣೆ ತೆಗೆದ ಸೋಯಾ ಹಿಟ್ಟನ್ನು ಯಂತ್ರದಲ್ಲಿ ಒತ್ತಿ ಉಬ್ಬಿಸಿದ ಪದಾರ್ಥ ಅದು. ಹಾಗಾಗಿ ಜಿಡ್ಡನ್ನೂ ಮಂದವನ್ನೂ ನಾವೇ ಒದಗಿಸಬೇಕು.

ಮಂದಕ್ಕೆ ಕಟ್ಟು ಇದೆಯಲ್ಲ! ಹೋಳಿಗೆಯ ದಿನ ಬೇಳೆ ಬಸಿದ ನೀರಿನಲ್ಲಿ ಕಟ್ಟಿನ ಸಾರು ಮಾಡುವ ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ. ಒಂದು ಬಟ್ಟಲು ಅಲಸಂದಿಯನ್ನೋ ಮಡಿಕೆಕಾಳನ್ನೋ ಧಾರಾಳ ನೀರಿನಲ್ಲಿ ಮೆತ್ತಗೆ ಬೇಯಿಸಿ, ಒಂದು ಹಿಡಿ ಕಾಳನ್ನು ಅದರಲ್ಲೇ ಹಿಸುಕಿಬಿಡಿ. ಬರಿ ನೀರಿನ ಬದಲು ಇದನ್ನು ಸಾರಿಗೆ ಸುರಿಯಿರಿ. ಜೋಳದಲ್ಲಿ ಲೈಸಿನ್ ಎಂಬ ಪೋಷಕಾಂಶ ಕಡಿಮೆ, ಕಾಳಿನಲ್ಲಿ ಹೆಚ್ಚು. ರೊಟ್ಟಿ ಮತ್ತು ಕಾಳಿನ ಜೋಡಿ ಹೊಟ್ಟೆಗೆ ನಿಲ್ಲುವುದು ಸುಮ್ಮನೆ ಅಲ್ಲ.

ಇನ್ನು ಜಿಡ್ಡು. ಒಂದು ದೊಡ್ಡ ಉಳ್ಳಾಗಡ್ಡಿಯನ್ನು ಸಿಪ್ಪೆಸಮೇತ ಉರಿಯ ಮೇಲಿಡಿ. ಹೊರಗೆ ಕರಿದಾಗಿ, ಒತ್ತಿದರೆ ಒಳಗೆ ಮೆತ್ತಗಾಗಿ, ಬುಡದಿಂದ ರಸ ಜಿನುಗುವವರೆಗೆ ಸುಡಬೇಕು. ಒಣಕೊಬ್ಬರಿಯ ಹೋಳನ್ನು ಇಕ್ಕಳದಲ್ಲಿ ಹಿಡಿದು ಅದೇ ಉರಿಗೆ ಒಡ್ಡಿ. ಅಂಚಿನಲ್ಲಿ ಎಣ್ಣೆ ಚಿಟಪಟ ಎಂದಾಗ ತೆಗೆಯಿರಿ. ಎರಡು ಚಮಚ ಗುರೆಳ್ಳು, ಒಂದು ಹಿಡಿ ಹುರಿದ ಶೇಂಗಾ, ಬೆಳ್ಳುಳ್ಳಿ, ಕೊತ್ತಂಬರಿ ಕಾಳು, ಚಕ್ಕೆ, ಲವಂಗ, ಒಂದು ಚಿಟಿಕೆ ಕಲ್ಲುಹೂವು ಸೇರಿಸಿ ನುಣ್ಣಗೆ ರುಬ್ಬಿ. ಮೆಣಸಿನಕಾಯಿಗೆ ಬ್ಯಾಡಗಿಯ ಡಬ್ಬಿ ಎಂಬ ಗಿಡ್ಡ, ದಪ್ಪ ತಳಿಯೇ ಬೇಕು. ಕಡ್ಡಿ ಎಂಬ ಉದ್ದ, ತೆಳು ತಳಿಗಿಂತ ಅದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿ ನಿಮಗೆ ಪಕ್ಕದ ಹಾವೇರಿ ಜಿಲ್ಲೆಯದ್ದೇ, ಬಣ್ಣ ಬೆರೆಸಿದ ಪುಡಿಯ ಪೊಟ್ಟಣಕ್ಕೆ ಯಾಕೆ ಹೋಗುತ್ತೀರಿ? ಮೆಣಸಿನಕಾಯಿಯ ಬಣ್ಣವೂ ಖಾರವೂ ಕರಗುವುದು ಎಣ್ಣೆಯಲ್ಲಿ. ಆದ್ದರಿಂದ ರುಬ್ಬಿದ್ದನ್ನು ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಬಾಡಿಸುತ್ತಲೇ ಇರಬೇಕು. ಮಸಾಲೆ ಬಾಣಲೆಯ ಬದಿ ಬಿಟ್ಟು, ಸುತ್ತ ಕೆಂಪು ಎಣ್ಣೆ ನಿಂತ ಮೇಲೆಯೇ ಕಟ್ಟು ಹಾಕಿ. ತರಕಾರಿ ಅಡುಗೆ ಎಂದಾಕ್ಷಣ ಹತ್ತು ನಿಮಿಷದಲ್ಲಿ ಇಳಿಸುವ ಅವಸರ ನಮ್ಮಲ್ಲಿ ಬಹಳ. ಮಾಂಸಕ್ಕೆ ಕೊಡುತ್ತಿದ್ದ ಹೊತ್ತನ್ನು ಇದಕ್ಕೂ ಕೊಡಿ.

ಈ ರಸದೊಳಗೆ ಏನು ಹಾಕುವುದು? ನನ್ನ ಮತ ಜುಣಕದ ವಡಿಗೆ. ಒಂದು ಬಟ್ಟಲು ಕಡಲೆಹಿಟ್ಟಿಗೆ ಒಂದೂವರೆ ಬಟ್ಟಲು ನೀರು, ಖಾರ, ಜೀರಿಗೆ, ಉಪ್ಪು ಹಾಕಿ ಗಂಟಿಲ್ಲದಂತೆ ಕಲಸಿ, ಒಗ್ಗರಣೆಗೆ ಸುರಿದು, ಮುದ್ದೆಯಾಗುವವರೆಗೆ ಕೈಬಿಡದೆ ತಿರುವಿ. ಎಣ್ಣೆ ಸವರಿದ ತಾಟಿನಲ್ಲಿ ತಟ್ಟಿ, ಆರಿದ ಮೇಲೆ ಕತ್ತರಿಸಿ. ಸಾರಿನಲ್ಲಿ ಕುದಿಸಬೇಡಿ, ಒಡೆದು ಕರಗಿಹೋಗುತ್ತದೆ. ಬಡಿಸುವಾಗ ತಾಟಿನಲ್ಲಿ ವಡಿ ಇಟ್ಟು ಮೇಲೆ ರಸ ಹಾಕಿ. ಎರಡನೆಯದು ಮುಳಗಾಯಿ, ಅಂದರೆ ಬದನೆಕಾಯಿ. ಎಣ್ಣೆಗಾಯಿಗೆ ಸೀಳುವಂತೆಯೇ ಸೀಳಿ, ಹುರಿದು, ಇದೇ ರಸದಲ್ಲಿ ಬೇಯಿಸಿ. ಇವೆರಡನ್ನೂ ಯಜಮಾನರು ಚಿಕ್ಕಂದಿನಿಂದ ಉಂಡಿರುತ್ತಾರೆ, ಹಾಗಾಗಿ ಯಾವುದೋ ಬದಲಿ ಬಡಿಸಿದರು ಎಂಬ ಭಾವ ಬರುವುದಿಲ್ಲ.

ಸೋಯಾವನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಮುಂಗಾರಿನಲ್ಲಿ ಧಾರವಾಡ ಸುತ್ತಿನ ಹೊಲಗಳಲ್ಲಿ ಇಷ್ಟೊಂದು ಸೋಯಾ ಬೆಳೆದೂ ಅದು ನಮ್ಮ ಅಡುಗೆಮನೆಗೆ ಒಗ್ಗಲೇ ಇಲ್ಲ ಎನ್ನುವುದು ನನಗೆ ಸೋಜಿಗ. ಉಂಡೆಗಳನ್ನು ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ನೆನೆಸಿ ಹಿಂಡಿ, ತಣ್ಣೀರಿನಲ್ಲಿ ತೊಳೆದು ಇನ್ನೊಮ್ಮೆ ಗಟ್ಟಿಯಾಗಿ ಹಿಂಡಿ. ನಿಮ್ಮನ್ನು ಕಾಡಿದ ವಾಸನೆಯಲ್ಲಿ ಹೆಚ್ಚಿನದು ಆ ನೀರಿನೊಂದಿಗೆ ಹೋಗುತ್ತದೆ. ಬಳಿಕ ಅಂಚು ಕಂದಾಗುವಂತೆ ಎಣ್ಣೆಯಲ್ಲಿ ಹುರಿದು, ರಸದಲ್ಲಿ ಇಪ್ಪತ್ತು ನಿಮಿಷ ಸಣ್ಣಗೆ ಕುದಿಸಿ. ಅಣಬೆಯಲ್ಲಿ ಶೇಕಡಾ 90ರಷ್ಟು ನೀರೇ ಇರುವುದರಿಂದ ಅದನ್ನು ಮೊದಲು ಬೇರೆ ಬಾಣಲೆಯಲ್ಲಿ, ಉಪ್ಪು ಹಾಕದೆ, ಜೋರು ಉರಿಯಲ್ಲಿ ನೀರು ಇಂಗುವವರೆಗೆ ಹುರಿದುಕೊಳ್ಳಬೇಕು.

ಬಿರಿಯಾನಿಗೆ ಅವಸರ ಬೇಡ. ಬೇಸಿಗೆಯ ಮೊದಲಲ್ಲಿ ಶಿರಸಿ ಕಡೆಯ ಎಳೆ ಹಲಸು ಸಿಕ್ಕಾಗ ಮಾಡಿ. ಬೀಜ ಬಲಿಯದ ಕಾಯಿಯನ್ನೇ ಆರಿಸಿ, ಕೈಗೂ ಚಾಕುವಿಗೂ ಎಣ್ಣೆ ಸವರಿಕೊಂಡು ಹೆಚ್ಚಿ, ಅರಿಶಿನದ ನೀರಿನಲ್ಲಿ ಅರ್ಧ ಬೇಯಿಸಿ, ಹುರಿದು ಅಕ್ಕಿಗೆ ಸೇರಿಸಿ. ಜೊತೆಗೆ ಒಂದು ಹಿಡಿ ಮೊಳಕೆ ಮಡಿಕೆಕಾಳೂ ಇರಲಿ, ಹಲಸಿನಕಾಯಿಯಲ್ಲಿ ಪ್ರೋಟೀನು ತೀರ ಕಡಿಮೆ.