ರೆಸ್ಟೋರೆಂಟ್ ಬೂತ್ ಸೀಟಿಗೆ ಹೊಸ ರೆಕ್ಸಿನ್ ಹಾಕಿಸಿದರೂ ಹೊಲಿಗೆ ಬೇಗ ಬಿಚ್ಚಿಕೊಳ್ಳುವುದು ಏಕೆ?

ಹೆಚ್ಚಿನ ಸಲ ತಪ್ಪು ರೆಕ್ಸಿನ್ನಿನದ್ದಲ್ಲ, ಒಳಗಿನ ಫೋಮಿನದ್ದು. ಕುಸಿದ ಹಳೇ ಫೋಮಿನ ಮೇಲೆ ಹೊದಿಕೆಯನ್ನು ಎಷ್ಟೇ ಬಿಗಿಯಾಗಿ ಎಳೆದರೂ, ಜನ ಕೂತಾಗ ಸೀಟು ತಗ್ಗಿ ಎಳೆತವೆಲ್ಲ ಮುಂದಿನ ಅಂಚಿನ ಹೊಲಿಗೆಗೆ ಬೀಳುತ್ತದೆ. ದಿನವಿಡೀ ಬಳಕೆಯಾಗುವ ಸೀಟಿಗೆ 40 ಡೆನ್ಸಿಟಿಯ (ಘನ ಮೀಟರಿಗೆ 40 ಕೆ.ಜಿ. ತೂಗುವ), 4 ಇಂಚು ದಪ್ಪದ ಫೋಮ್ ಹಾಕಿಸಿ. ಇಲ್ಲಿ ಹಣ ಉಳಿಸಬೇಡಿ.

ಮತ್ತೊಂದು ಕಾರಣ ಗಾಳಿ. ಇದನ್ನು ಬಹಳ ಜನ ಮರೆಯುತ್ತಾರೆ. ರೆಕ್ಸಿನ್ ಮೂಲಕ ಗಾಳಿ ಆಡುವುದಿಲ್ಲ. ಯಾರಾದರೂ ಧೊಪ್ಪನೆ ಕೂತರೆ ಒಳಗೆ ಸಿಕ್ಕಿಕೊಂಡ ಗಾಳಿ ಹೊಲಿಗೆಯನ್ನೇ ತಳ್ಳುತ್ತದೆ. ತಳದ ಪ್ಲೈವುಡ್ಡಿಗೆ 20 ಮಿ.ಮೀ. ಅಗಲದ ಆರೆಂಟು ತೂತು ಕೊರೆದು, ಅಡಿಗೆ ತೆಳು ಬಟ್ಟೆ ಹೊಡೆಯಿರಿ.

ದಾರ ನೈಲಾನ್ ಅಥವಾ ಪಾಲಿಯೆಸ್ಟರ್ ಇರಲಿ, ಹತ್ತಿ ಬೇಡ. ಒಂದೊಂದು ಹೊಲಿಗೆಯ ಉದ್ದ ಸುಮಾರು 4 ಮಿ.ಮೀ. ಇರಲಿ. ಒತ್ತೊತ್ತಾಗಿ ಹೊಲಿದರೆ ಗಟ್ಟಿ ಎನಿಸುತ್ತದೆ, ಆದರೆ ಸೂಜಿ ತೂತುಗಳ ಸಾಲಿನಲ್ಲೇ ರೆಕ್ಸಿನ್ ಅಂಚೆಚೀಟಿಯಂತೆ ಹರಿಯುತ್ತದೆ.

ಹಳೇ ಹೊದಿಕೆ ಹಿಗ್ಗಿರುವುದರಿಂದ ಅದನ್ನೇ ಅಳತೆಗೆ ಇಡಬೇಡಿ; ಹೊಸ ಫೋಮನ್ನೇ ಅಳೆಯಿರಿ, ಪ್ಲೈವುಡ್ಡಿಗೆ ಸ್ಟೇಪ್ಲರ್ ಪಿನ್ ಹೊಡೆಯಲು ಸುತ್ತಲೂ 7 ಸೆಂ.ಮೀ. ಹೆಚ್ಚು ಬಿಡಿ. ನಾಲ್ಕೂ ಬದಿಯ ಮಧ್ಯದಿಂದ ಶುರುಮಾಡಿ 2–3 ಸೆಂ.ಮೀ.ಗೊಂದು ಪಿನ್; ಮೂಲೆ ಕೊನೆಗೆ.

ಒರೆಸಲು ಸೋಪಿನ ನೀರು ಸಾಕು. ಬ್ಲೀಚ್, ಸ್ಪಿರಿಟ್ ಪದೇ ಪದೇ ತಾಗಿದರೆ ರೆಕ್ಸಿನ್ ಮೆದುತನ ಕಳೆದುಕೊಂಡು ಬಿರುಕು ಬಿಡುತ್ತದೆ.