ಅಪ್ಪನ ಆನೆ ಭಯಕ್ಕೆ ಮನಃಶಾಸ್ತ್ರದ ಯಾವ ಪಂಥ ಸರಿ?

ಪ್ರಶ್ನೆ: ನಾನು ಹಾಸನದಲ್ಲಿ ಬಿಎ ಮೊದಲ ವರ್ಷ ಓದುತ್ತಿದ್ದೇನೆ. ಮನಃಶಾಸ್ತ್ರದಲ್ಲಿ ಒಂದೊಂದು ಪಂಥ ಒಂದೊಂದು ಹೇಳುತ್ತದೆ. ಯಾವುದನ್ನು ನಂಬಬೇಕು? ಇನ್ನೊಂದು ವಿಷಯ. ನಮ್ಮಪ್ಪ ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ ರೈಟರ್ (ಆಳು, ಲೆಕ್ಕ ನೋಡಿಕೊಳ್ಳುವವರು). ಹೋದ ವರ್ಷ ಬೆಳಗಿನ ಜಾವ ಆನೆ ಎದುರಾಗಿ, ಸ್ವಲ್ಪದರಲ್ಲಿ ಉಳಿದುಕೊಂಡರು. ಈಗ ಮನೆಯೊಳಗಿದ್ದರೂ ಕೊಂಬೆ ಮುರಿದ ಸದ್ದಾದರೆ ಬೆವರುತ್ತಾರೆ. ಇದಕ್ಕೆ ಯಾವ ಪಂಥದಲ್ಲಿ ಉತ್ತರವಿದೆ?
– ವಿದ್ಯಾರ್ಥಿನಿ, ಹಾಸನ

ಉತ್ತರ: ಪಂಥಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಯಾರು ಯಾರ ಜೊತೆ ಜಗಳಕ್ಕೆ ನಿಂತರು ಅಂತ ನೋಡಿ, ತಾನಾಗಿ ನೆನಪಿರುತ್ತದೆ. 1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವುಂಟ್ ಮನಃಶಾಸ್ತ್ರದ ಪ್ರಯೋಗಾಲಯ ತೆರೆದರು. ಅಲ್ಲಿ ಜನ ತಮ್ಮ ಅನುಭವವನ್ನು ತಾವೇ ಗಮನಿಸಿ ಹೇಳುತ್ತಿದ್ದರು. 1913ರಲ್ಲಿ ಅಮೆರಿಕದ ವಾಟ್ಸನ್ ಇದಕ್ಕೆ ತಕರಾರು ತೆಗೆದರು. ನಿನ್ನ ತಲೆಯೊಳಗಿನದು ನಿನಗೊಬ್ಬನಿಗೇ ಗೊತ್ತು, ಉಳಿದವರು ಪರೀಕ್ಷೆ ಮಾಡುವುದು ಹೇಗೆ? ಕಣ್ಣಿಗೆ ಕಾಣುವ ವರ್ತನೆಯನ್ನಷ್ಟೇ ಅಳೆಯೋಣ ಎಂದರು. ಅದೇ ವರ್ತನಾವಾದ.

ನಿಮ್ಮ ತಂದೆಯ ಕತೆ ಇಲ್ಲಿಗೇ ಬಂದು ಸೇರುತ್ತದೆ. 1920ರಲ್ಲಿ ವಾಟ್ಸನ್ ಮತ್ತು ರೇನರ್ ಒಂದು ಕೂಸಿಗೆ ಬಿಳಿ ಇಲಿ ತೋರಿಸಿ, ಕೂಸಿನ ಬೆನ್ನ ಹಿಂದೆ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಬಡಿದರು. ಕೆಲವು ಸಲ ಹೀಗಾದ ಮೇಲೆ ಇಲಿ ಕಂಡರೇ ಮಗು ಅಳತೊಡಗಿತು. ಮೊಲ ಕಂಡರೂ ಅತ್ತಿತು. (ಇವತ್ತು ಯಾವ ಸಮಿತಿಯೂ ಇಂಥ ಪ್ರಯೋಗಕ್ಕೆ ಒಪ್ಪುವುದಿಲ್ಲ, ಒಪ್ಪಲೂಬಾರದು.) ಆನೆಗೂ ಕೊಂಬೆಯ ಸದ್ದಿಗೂ ನಿಮ್ಮಪ್ಪನಲ್ಲಿ ಗಂಟು ಬಿದ್ದಿರುವುದು ಹಾಗೆಯೇ. ಒಮ್ಮೆ ಜೀವಕ್ಕೇ ಕುತ್ತು ಬಂದರೆ ಗಂಟು ಬೀಳಲು ಒಂದೇ ಸಲ ಸಾಕು. ಸದ್ದು ಕೇಳಿದೊಡನೆ ಎದ್ದು ಒಳಗೆ ಹೋದರೆ ಹಾಯೆನಿಸುತ್ತದೆ ಅಲ್ವಾ? ಆ ಹಾಯೆನಿಸುವುದೇ ಭಯವನ್ನು ಸಾಕುತ್ತದೆ. ವರ್ತನಾವಾದಿ ಸ್ಕಿನ್ನರ್ ಇದನ್ನು ಋಣಾತ್ಮಕ ಪುನರ್ಬಲನ ಎಂದರು, ಅಂದರೆ ಕಾಟ ತಪ್ಪಿದ್ದರಿಂದಲೇ ಒಂದು ವರ್ತನೆ ಗಟ್ಟಿಯಾಗುವುದು. ಪರೀಕ್ಷೆಯಲ್ಲಿ ಇದನ್ನು ಶಿಕ್ಷೆ ಅಂತ ಬರೆದು ಅಂಕ ಕಳೆದುಕೊಳ್ಳುವವರೇ ಜಾಸ್ತಿ.

ಮನೋವಿಶ್ಲೇಷಣೆ ಪಂಥದ ಫ್ರಾಯ್ಡ್ ಏನೆನ್ನುತ್ತಿದ್ದರು? ಕುದುರೆಗೆ ಹೆದರುತ್ತಿದ್ದ ಐದು ವರ್ಷದ ಹುಡುಗನ ಬಗ್ಗೆ 1909ರಲ್ಲಿ ಬರೆದರು. ಆ ಕುದುರೆ ನಿಜಕ್ಕೆ ಅವನ ಅಪ್ಪನೇ ಎಂದರು. ನಿಮ್ಮ ತಂದೆ ಕಂಡಿದ್ದು ನಿಜವಾದ ಆನೆ. ಇಲ್ಲಿ ಅಜ್ಜನನ್ನು ಎಳೆದು ತರುವ ಅಗತ್ಯ ನನಗಂತೂ ಕಾಣುವುದಿಲ್ಲ.

ವರ್ತನಾವಾದ ಒಂದು ಕಡೆ ಎಡವಿತು. ಅದೇ ದಾರಿಯಲ್ಲಿ ಆನೆ ಕಂಡ ಇನ್ನೊಬ್ಬರು ಮಾರನೇ ದಿನವೇ ಕೆಲಸಕ್ಕೆ ಹೋಗಿರುತ್ತಾರೆ. ಒಂದೇ ಘಟನೆ, ಇಬ್ಬರಿಗೆ ಎರಡು ಅರ್ಥ. ಆ ಅರ್ಥವನ್ನು ಬಿಟ್ಟು ಲೆಕ್ಕ ಹಾಕಲಾಗದು ಎಂದು 1950ರ ದಶಕದಿಂದ ಸಂಜ್ಞಾನವಾದಿಗಳು, ಅಂದರೆ ಯೋಚನೆಗೆ ಒತ್ತು ಕೊಡುವ ಪಂಥದವರು, ವಾದಿಸಿದರು. ತಮಾಷೆಯೆಂದರೆ, ಈ ಎರಡೂ ಪಂಥದವರು ಕೊನೆಗೆ ಚಿಕಿತ್ಸಾ ಕೊಠಡಿಯಲ್ಲಿ ರಾಜಿಯಾದರು. ಯೋಚನೆಯನ್ನೂ ವರ್ತನೆಯನ್ನೂ ಒಟ್ಟಿಗೆ ತಿದ್ದುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ) ಎಂಬ ಚಿಕಿತ್ಸೆ ಆ ರಾಜಿಯ ಫಲ. ಹೆದರಿದ ವಸ್ತುವಿಗೆ ಮೆಲ್ಲಗೆ ಹತ್ತಿರವಾಗಿಸುವ ಉಪಾಯ ಇನ್ನೂ ಹಳೆಯದು. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಹುಡುಗ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದಿನಾ ಸ್ವಲ್ಪ ಸ್ವಲ್ಪ ಹತ್ತಿರ ತಂದು, ಭಯ ಬಿಡಿಸಿದ್ದನ್ನು ಮೇರಿ ಕವರ್ ಜೋನ್ಸ್ 1924ರಲ್ಲಿ ಪ್ರಕಟಿಸಿದರು.

ಆದರೆ ಪೀಟರನ ಮೊಲ ಕಚ್ಚುತ್ತಿರಲಿಲ್ಲ, ಸಕಲೇಶಪುರದ ಆನೆ ಹಾಗಲ್ಲ. ನಸುಕಿನಲ್ಲಿ ತೋಟದ ದಾರಿಯಲ್ಲಿ ಹೆದರುವುದು ಕಾಯಿಲೆಯಲ್ಲ, ಬುದ್ಧಿ. ಅದನ್ನು ಬಿಡಿಸಬಾರದು. ಮನೆಯೊಳಗಿನ ಬೆವರಿಗೆ ಮಾತ್ರ ಚಿಕಿತ್ಸೆ ಬೇಕು. ನಿದ್ದೆ ಕೆಟ್ಟಿದ್ದರೆ, ಘಟನೆ ಮತ್ತೆ ಮತ್ತೆ ಕಣ್ಣೆದುರು ಬರುತ್ತಿದ್ದರೆ ತಡ ಮಾಡದೆ ಮನೋವೈದ್ಯರ ಹತ್ತಿರ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪೀಟರನ ಕತೆ ಓದಿದ ಹುರುಪಿನಲ್ಲಿ ನೀವೇ ಅಪ್ಪನಿಗೆ ಮೊಬೈಲಿನಲ್ಲಿ ಆನೆ ಘೀಳಿಡುವ ವಿಡಿಯೊ ಹಾಕಿ ತೋರಿಸಬೇಡಿ. ಆ ಕೆಲಸ ತರಬೇತಾದವರಿಗೆ ಬಿಡಿ. ಅಪ್ಪ ಆ ಬೆಳಗಿನ ಮಾತು ತೆಗೆದಾಗ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಮಾನವತಾವಾದಿ ಪಂಥದ ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಅದನ್ನೇ ಮಾಡುತ್ತಿದ್ದರು.